ಆಫ್ಟರ್‌ಬರ್ನ್: 'ಎಷ್ಟು ಹೊತ್ತು' ಬೇರೆ, 'ಎಷ್ಟು' ಬೇರೆ

"ಹತ್ತೇ ನಿಮಿಷ ಜೋರಾಗಿ ಮಾಡಿಸಿಬಿಡಿ. ಆಮೇಲೆ ದಿನವೆಲ್ಲ ಕ್ಯಾಲೊರಿ ತಾನಾಗೇ ಕರಗುತ್ತಂತಲ್ಲ?" ತರಬೇತಿಗೆ ಹೊಸದಾಗಿ ಬರುವವರು ಈಗ ಮೊದಲು ಕೇಳುವುದೇ ಇದನ್ನು.

ಆಫ್ಟರ್‌ಬರ್ನ್ ಅಂದರೆ ಇದೇ, ವ್ಯಾಯಾಮ ನಿಲ್ಲಿಸಿದ ಮೇಲೂ ಕ್ಯಾಲೊರಿ ಖರ್ಚಾಗುತ್ತಿರುವುದು. ಅದು ಸುಳ್ಳಲ್ಲ. ವ್ಯಾಯಾಮ ಮುಗಿದರೂ ಏರಿದ ಮೈಬಿಸಿ ಇಳಿಯಬೇಕು, ಸ್ನಾಯುಗಳಲ್ಲಿ ಖಾಲಿಯಾದದ್ದು ತುಂಬಬೇಕು, ಜೋರಿನ ವ್ಯಾಯಾಮದಲ್ಲಿ ಸ್ನಾಯುಗಳಲ್ಲಿ ಹುಟ್ಟುವ ಲ್ಯಾಕ್ಟೇಟ್ ವಿಲೇವಾರಿಯಾಗಬೇಕು. ಇದಕ್ಕೆಲ್ಲ ಆಮ್ಲಜನಕ ಜಾಸ್ತಿ ಬೇಕು, ಹಾಗಾಗಿ ಕ್ಯಾಲೊರಿಯೂ ಜಾಸ್ತಿ ಖರ್ಚಾಗುತ್ತದೆ. ಇಷ್ಟೇ ವಿಷಯ.

ಜನ ಎಡವುವುದು ಲೆಕ್ಕದಲ್ಲಿ. ಈ ಹೆಚ್ಚುವರಿ ಖರ್ಚು ಸಾಮಾನ್ಯವಾಗಿ ವ್ಯಾಯಾಮದಲ್ಲಿ ಸುಟ್ಟಿದ್ದರ ಶೇ. 6ರಿಂದ 15ರಷ್ಟು. ದಿನದ ಒಟ್ಟು ಖರ್ಚಿನಲ್ಲಿ ಅಲ್ಲ, ಆ ವ್ಯಾಯಾಮದ ಖರ್ಚಿನಲ್ಲಿ! ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಹತ್ತು ನಿಮಿಷದಲ್ಲಿ 120 ಕ್ಯಾಲೊರಿ ಸುಟ್ಟಿರಿ ಅನ್ನಿ. ಧಾರಾಳವಾಗಿ ಶೇ. 15 ಹಿಡಿದರೂ ಆಮೇಲೆ ಸಿಗುವುದು 18. ಅದು ಒಂದು ಗಂಟೆಯಲ್ಲಿ ಕರಗಿದರೂ 18, ದಿನವಿಡೀ ಹನಿಹನಿಯಾಗಿ ಕರಗಿದರೂ 18. ಹೊತ್ತು ಉದ್ದವಾದ ಮಾತ್ರಕ್ಕೆ ಮೊತ್ತ ದೊಡ್ಡದಾಗುವುದಿಲ್ಲ, ಅಲ್ವಾ? ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಭಾಗಿಸಿ ನೋಡಿ.

"14 ಗಂಟೆ ಉರಿಯುತ್ತದೆ ಅಂತ ಸಂಶೋಧನೆಯೇ ಇದೆ" ಎಂದು ವಾದಕ್ಕೆ ನಿಲ್ಲುವವರಿದ್ದಾರೆ. ಇದೆ, 2011ರದ್ದು. ಅದರಲ್ಲಿ 14 ಗಂಟೆಗಳಲ್ಲಿ ಸುಮಾರು 190 ಕ್ಯಾಲೊರಿ ಹೆಚ್ಚು ಖರ್ಚಾಗಿತ್ತು. ಆದರೆ ಅದರಲ್ಲಿ ಭಾಗವಹಿಸಿದವರು ಹತ್ತು ಜನ ಯುವಕರು. 45 ನಿಮಿಷ ಏದುಸಿರು ಬರುವಂತೆ ಸೈಕಲ್ ತುಳಿದು, ಅಷ್ಟರಲ್ಲೇ 500ಕ್ಕೂ ಹೆಚ್ಚು ಕ್ಯಾಲೊರಿ ಸುಟ್ಟಿದ್ದರು. ಅವರ ಲೆಕ್ಕ ಹಿಡಿದು ಹತ್ತು ನಿಮಿಷದವರು ಕೂರುವುದು ಯಾವ ನ್ಯಾಯ?

ನನ್ನ ಬಳಿ ಬರುವ ಒಬ್ಬರು ತುಂಬ ಒಳ್ಳೆಯ ಮನುಷ್ಯ, ಒಂದು ದಿನವೂ ತಪ್ಪಿಸುವವರಲ್ಲ. ಆಫ್ಟರ್‌ಬರ್ನ್ ಬಗ್ಗೆ ಕೇಳಿದ್ದೇ ತಡ, ಆಫೀಸಿನ ಮೆಟ್ಟಿಲು ಬಿಟ್ಟು ಲಿಫ್ಟ್ ಹಿಡಿದರು. "ಒಳಗೆ ಉರೀತಾ ಇದೆಯಲ್ಲ, ಮೆಟ್ಟಿಲು ಯಾಕೆ?" ಎಂದು ನನ್ನನ್ನೇ ಕೇಳಿದರು. ನಗು ಬಂತು, ಸಿಟ್ಟೂ ಬಂತು. ನಾಲ್ಕು ಮಹಡಿ ದಿನಕ್ಕೆರಡು ಸಲ ಹತ್ತಿದರೆ ಸಿಗುತ್ತಿದ್ದ ಖರ್ಚು, ಅವರು ನೆಚ್ಚಿಕೊಂಡ ಆ ಉರಿಯ ಹತ್ತಿರಹತ್ತಿರ ಇರುತ್ತಿತ್ತು. ಬೆಳಿಗ್ಗೆ ಬೆವರು ಸುರಿಸಿ ಉಳಿದ ದಿನ ಸುಮ್ನೆ ಕೂರುವವರು ಕಳೆದುಕೊಳ್ಳುವುದು ಇದನ್ನೇ. ಇನ್ನು "ವರ್ಕೌಟ್ ಆಯ್ತು, ಇವತ್ತು ತಿನ್ನಬಹುದು" ಅನ್ನುವವರ ವಿಷಯ ಬಿಡಿ. ಆ 18 ಕ್ಯಾಲೊರಿಗೆ ಎರಡು ತುತ್ತೂ ಬರುವುದಿಲ್ಲ.

ಜೋರಿನ ವ್ಯಾಯಾಮ ಬೇಡ ಎನ್ನುತ್ತಿಲ್ಲ. ಹೃದಯಕ್ಕೆ, ದಮ್ಮಿಗೆ ಅದು ಒಳ್ಳೆಯದು, ಸಮಯವೂ ಉಳಿಯುತ್ತದೆ. ಆದರೆ ಬಿಪಿ, ಹೃದಯದ ತೊಂದರೆ, ಮಂಡಿನೋವು ಇರುವವರು ವೈದ್ಯರನ್ನು ಕೇಳದೆ ಶುರು ಮಾಡಬೇಡಿ. ಅಂಥವರಿಗೆ ನಾನು ಮೊದಲು ಕೊಡುವುದು ನಡಿಗೆ. ಅದರಲ್ಲಿ ಆಫ್ಟರ್‌ಬರ್ನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆದರೂ ಮುಕ್ಕಾಲು ಗಂಟೆ ನಡೆದರೆ ಆ ಹತ್ತು ನಿಮಿಷಕ್ಕಿಂತ ಜಾಸ್ತಿಯೇ ಖರ್ಚಾಗುತ್ತದೆ.