ನೀರೇ ರನ್‌ವೇ ಆಗಿದ್ದ ಕಾಲ

ರಾಜಸ್ಥಾನದ ರಾಜಸಮಂದ್ ಕೆರೆ 17ನೇ ಶತಮಾನದ್ದು. ಮೇವಾಡದ ಮಹಾರಾಣಾ ರಾಜಸಿಂಹ ಕಟ್ಟಿಸಿದ್ದು. ಏರಿಯ ಮೇಲೆ ಅಮೃತಶಿಲೆಯ ಮೆಟ್ಟಿಲುಗಳಿವೆ, ಕಲ್ಲಿನಲ್ಲಿ ಕೊರೆದ ಉದ್ದನೆಯ ಸಂಸ್ಕೃತ ಕಾವ್ಯವಿದೆ. 1930ರ ದಶಕದ ಕೊನೆಯಲ್ಲಿ ಈ ಕೆರೆಗೆ ಇಂಗ್ಲೆಂಡಿನಿಂದ ಹೊರಟ ವಿಮಾನ ಬಂದು ಇಳಿಯುತ್ತಿತ್ತು. ದಡಕ್ಕಲ್ಲ, ನೀರಿಗೇ. ಲಾಂಚ್ ಹತ್ತಿರ ಹೋಗಿ ಪ್ರಯಾಣಿಕರನ್ನು ಇಳಿಸಿಕೊಳ್ಳುತ್ತಿತ್ತು. ಪೆಟ್ರೋಲ್ ತುಂಬಿಸಿಕೊಂಡು ಅದು ಮತ್ತೆ ನೀರು ಸೀಳಿಕೊಂಡು ಮೇಲೇರಿ ಗ್ವಾಲಿಯರ್ ಕಡೆ ಹೊರಡುತ್ತಿತ್ತು.

ಇದು ಇಂಪೀರಿಯಲ್ ಏರ್‌ವೇಸ್ ಕಂಪನಿಯ ಫ್ಲೈಯಿಂಗ್ ಬೋಟ್, ಅಂದರೆ ಹಾರುವ ದೋಣಿ. ಮಾಲ್ಡೀವ್ಸ್‌ನಲ್ಲಿ ಈಗ ಓಡಾಡುವ ಸೀಪ್ಲೇನ್‌ಗಳಿಗೆ ಚಕ್ರದ ಜಾಗದಲ್ಲಿ ಎರಡು ತೇಲುಗಳಿರುತ್ತವೆ. ಹಾರುವ ದೋಣಿ ಹಾಗಲ್ಲ. ಅದರ ಹೊಟ್ಟೆಯೇ ದೋಣಿ. ಹಡಗಿನ ತಳದ ಹಾಗೆ ನೇರವಾಗಿ ನೀರಿನ ಮೇಲೆ ಕೂರುತ್ತದೆ.

1938ರಲ್ಲಿ ಈ ದೋಣಿಗಳು ಇಂಗ್ಲೆಂಡಿನ ಸೌತಾಂಪ್ಟನ್ನಿನಿಂದ ಆಸ್ಟ್ರೇಲಿಯಾದ ಸಿಡ್ನಿವರೆಗೆ ಓಡತೊಡಗಿದವು. ಮಾರ್ಸೇಲ್ಸ್, ರೋಮ್ ಹತ್ತಿರದ ಬ್ರಾಚಿಯಾನೊ ಸರೋವರ, ಅಥೆನ್ಸ್, ಅಲೆಕ್ಸಾಂಡ್ರಿಯಾ, ಬಸ್ರಾ, ಬಹ್ರೇನ್, ದುಬೈ, ಕರಾಚಿ. ಅಲ್ಲಿಂದ ರಾಜಸಮಂದ್, ಗ್ವಾಲಿಯರ್, ಅಲಹಾಬಾದ್, ಕಲ್ಕತ್ತಾದ ಹೂಗ್ಲಿ ನದಿ. ಆಮೇಲೆ ರಂಗೂನ್, ಬ್ಯಾಂಕಾಕ್, ಸಿಂಗಪುರ. ಎಲ್ಲೆಲ್ಲಿ ಕೆರೆ, ನದಿ, ಅಳಿವೆ ಇತ್ತೋ ಅಲ್ಲೆಲ್ಲ ಇಳಿದು ಏಳುವುದು. ಸಿಂಗಪುರದಿಂದಾಚೆ ಆಸ್ಟ್ರೇಲಿಯಾದ ಕ್ವಾಂಟಾಸ್ ಕಂಪನಿಯವರು ನಡೆಸುತ್ತಿದ್ದರು. ಒಟ್ಟು ಸುಮಾರು ಹತ್ತು ದಿನ. ಹಡಗಿನಲ್ಲಾದರೆ ತಿಂಗಳಿಗೂ ಮೇಲೆ.

ನೀರೇ ಯಾಕೆ? ಆಗ ಉದ್ದನೆಯ ಗಟ್ಟಿ ರನ್‌ವೇಗಳು ಇದ್ದಿದ್ದೇ ಕಡಿಮೆ. ಹೆಚ್ಚಿನ ವಿಮಾನ ನಿಲ್ದಾಣ ಅಂದರೆ ಹುಲ್ಲಿನ ಬಯಲು. ಮಳೆ ಬಂದರೆ ಕೆಸರು. ಇಂಧನ, ಟಪಾಲು, ಜನ ಎಲ್ಲ ಹೊತ್ತ ಭಾರೀ ವಿಮಾನಕ್ಕೆ ಅದು ಸಾಲುತ್ತಿರಲಿಲ್ಲ. ನೀರಾದರೆ ಯಾರೂ ಕಟ್ಟಬೇಕಿಲ್ಲ. ಎಷ್ಟು ದೂರ ಬೇಕಾದರೂ ಓಡಿ ಮೇಲೇಳಬಹುದು.

ಆ ವಿಮಾನಗಳ ಒಳಗಿನ ವೈಭವದ ಫೋಟೊಗಳನ್ನು ನೀವು ನೋಡಿರಬಹುದು. ಸೋಫಾದಂಥ ಸೀಟು, ಬಿಳಿ ಬಟ್ಟೆ ಹಾಸಿದ ಮೇಜು, ಓಡಾಡಲು ಜಾಗ. ‘ಆಗಿನವರು ಪ್ರಯಾಣಿಕರನ್ನು ಎಷ್ಟು ಗೌರವದಿಂದ ನೋಡಿಕೊಳ್ಳುತ್ತಿದ್ದರು, ಈಗ ಕುರಿ ತುಂಬಿದ ಹಾಗೆ ತುಂಬುತ್ತಾರೆ’ ಎನ್ನುವ ಮಾತು ಆ ಫೋಟೊಗಳ ಜೊತೆಗೇ ಬರುತ್ತದೆ. ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಆ ಜಾಗ ಬಂದಿದ್ದು ಕಂಪನಿಯ ಧಾರಾಳದಿಂದಲ್ಲ, ನೀರಿನಿಂದ.

ದೋಣಿ ನೀರಿನ ಮೇಲೆ ಜೋರಾಗಿ ಓಡುವಾಗ ನೀರು ಎತ್ತರಕ್ಕೆ ಎರಚುತ್ತದೆ. ಅದು ಪ್ರೊಪೆಲರ್‌ಗೆ ಬಡಿದರೆ ಹಾಳು. ಹಾಗಾಗಿ ರೆಕ್ಕೆ, ಎಂಜಿನ್ ಎಲ್ಲವನ್ನೂ ಎತ್ತರದಲ್ಲಿ ಇಡಬೇಕು. ಅದಕ್ಕೆ ಹೊಟ್ಟೆ ಆಳವಾಗಿರಬೇಕು. ಹೊಟ್ಟೆ ಆಳವಾದರೆ ಒಳಗೆ ತಾನಾಗಿ ಎರಡು ಅಂತಸ್ತಿನಷ್ಟು ಜಾಗ ಸಿಗುತ್ತದೆ. ಆದರೆ ಆಗಿನ ಎಂಜಿನ್‌ಗಳಿಗೆ ಅಷ್ಟೊಂದು ಜನರ ತೂಕ ಎತ್ತುವ ಶಕ್ತಿ ಇರಲಿಲ್ಲ. ಮನೆ ದೊಡ್ಡದು, ಮನೆಯಲ್ಲಿರುವವರು ನಾಲ್ಕೇ ಜನ ಎನ್ನುವ ಹಾಗೆ.

ಶಾರ್ಟ್ ಬ್ರದರ್ಸ್ ಕಂಪನಿ ಕಟ್ಟಿದ, 1936ರಲ್ಲಿ ಮೊದಲು ಹಾರಿದ ಎಂಪೈರ್ ದೋಣಿಗಳನ್ನೇ ನೋಡಿ. ನಾಲ್ಕು ಎಂಜಿನ್. ಹಗಲು ಪ್ರಯಾಣಕ್ಕೆ 24 ಸೀಟು, ಅಷ್ಟೇ. ಮುಂದೆ ಸಿಗರೇಟು ಸೇದುವವರ ಕೋಣೆಯಲ್ಲಿ ಏಳು ಜನ. ನಡುವೆ ಸಣ್ಣ ಕ್ಯಾಬಿನ್‌ನಲ್ಲಿ ಮೂವರು. ಆಮೇಲೆ ‘ಪ್ರಾಮನೇಡ್’ ಅಂತ ಒಂದು ಕೋಣೆ, ಅಲ್ಲಿ ಎಂಟು ಸೀಟು. ಹಿಂದೆ ಆರು. ಪ್ರಾಮನೇಡ್‌ನ ಒಂದು ಬದಿಗೆ ಸೀಟೇ ಹಾಕಿರಲಿಲ್ಲ. ಉದ್ದಕ್ಕೂ ಕಿಟಕಿ, ಅದರ ಮುಂದೆ ಮೊಣಕೈ ಊರಲು ಒಂದು ಕಂಬಿ. ಎದ್ದು ಹೋಗಿ ಅಲ್ಲಿ ನಿಂತು ಕೆಳಗೆ ನೋಡುತ್ತಾ ಹೋಗಬಹುದಿತ್ತು. ನಮ್ಮ ಮನೆಯ ಬಾಲ್ಕನಿಯಲ್ಲಿ ನಿಂತು ಬೀದಿ ನೋಡುವ ಹಾಗೆ.

ಮೇಲಿನ ಅಂತಸ್ತಿನಲ್ಲಿ ಟಪಾಲು ಚೀಲಗಳು. ಈ ವಿಮಾನಗಳನ್ನು ಕಟ್ಟಿಸಿದ್ದಕ್ಕೆ ದೊಡ್ಡ ಕಾರಣವೇ ಟಪಾಲು. ಅರ್ಧ ಔನ್ಸ್ ಕಾಗದಕ್ಕೆ ಒಂದೂವರೆ ಪೆನ್ನಿ, ವಿಮಾನದಲ್ಲಿ ಹೋಗುತ್ತದೆಂದು ಬೇರೆ ಶುಲ್ಕವಿಲ್ಲ. ಇದು ಬ್ರಿಟಿಷ್ ಸರ್ಕಾರದ ಯೋಜನೆ. ಕ್ರಿಸ್‌ಮಸ್ ಹೊತ್ತಿಗೆ ಕಾಗದಗಳು ಜಾಸ್ತಿಯಾದರೆ ಜನರ ಸೀಟನ್ನೇ ಕಡಿಮೆ ಮಾಡುತ್ತಿದ್ದರು. ಪ್ರಯಾಣಿಕರು ಟಪಾಲಿನ ಜೊತೆ ಹೋಗುತ್ತಿದ್ದವರು. ಅವರಲ್ಲೂ ಅಧಿಕಾರಿಗಳು, ದೊಡ್ಡ ವ್ಯಾಪಾರಿಗಳೇ ಹೆಚ್ಚು. ಅಟ್ಲಾಂಟಿಕ್‌ನಲ್ಲೂ ಅಷ್ಟೇ. 1939ರ ಜೂನ್‌ನಲ್ಲಿ ಪ್ಯಾನ್ ಆಮ್ ಕಂಪನಿ ಬೋಯಿಂಗ್ 314 ದೋಣಿಯಲ್ಲಿ ನ್ಯೂಯಾರ್ಕಿನಿಂದ ಮಾರ್ಸೇಲ್ಸ್‌ಗೆ 22 ಜನರನ್ನು ಕರೆದುಕೊಂಡು ಹೋಯಿತು. ಹೋಗಿ ಬರಲು ಟಿಕೆಟ್ 675 ಡಾಲರ್. ಆಗ ಅಮೆರಿಕದಲ್ಲಿ ಅಷ್ಟು ದುಡ್ಡಿಗೆ ಹೊಸ ಕಾರೇ ಬರುತ್ತಿತ್ತು.

ಕಷ್ಟಗಳು ಫೋಟೊದಲ್ಲಿ ಕಾಣುವುದಿಲ್ಲ. ಎಂಪೈರ್ ದೋಣಿಯ ಒಳಗೆ ಗಾಳಿಯ ಒತ್ತಡ ಕಾಪಾಡುವ ವ್ಯವಸ್ಥೆ ಇರಲಿಲ್ಲ. ಹಾಗಾಗಿ ಮೋಡಗಳ ಮೇಲೆ ಹೋಗುವಂತಿಲ್ಲ. ಮೋಡ, ಬಿಸಿಗಾಳಿ, ಮಳೆ ಎಲ್ಲದರ ನಡುವೆಯೇ ಗಂಟೆಗೆ 265 ಕಿ.ಮೀ. ವೇಗದಲ್ಲಿ ಕುಲುಕುತ್ತಾ ಸಾಗಬೇಕು. ವಾಂತಿ ಸಾಮಾನ್ಯ. ಎಂಜಿನ್ ಸದ್ದು ಕಿವಿ ತುಂಬುತ್ತಿತ್ತು. ಇಳಿಯುವ ಮೊದಲು ನೀರಿನಲ್ಲಿ ಮರದ ದಿಮ್ಮಿ ತೇಲುತ್ತಿಲ್ಲವೇ ಅಂತ ಲಾಂಚಿನವರು ಸುತ್ತಾಡಿ ನೋಡಬೇಕಿತ್ತು. ಅಲೆ ಜಾಸ್ತಿಯಾದರೆ ಕಷ್ಟ. ಅಲೆಯೇ ಇಲ್ಲದೆ ನೀರು ಕನ್ನಡಿಯಂತಿದ್ದರೂ ಕಷ್ಟ. ಎಷ್ಟು ಎತ್ತರದಲ್ಲಿದ್ದೇವೆ ಅಂತ ಪೈಲಟ್‌ಗೆ ಅಂದಾಜು ಸಿಗುವುದಿಲ್ಲ.

‘ಎಂಜಿನ್ ಕೈಕೊಟ್ಟರೂ ಸಮುದ್ರದ ಮೇಲೆ ಇಳಿದು ತೇಲಬಹುದು’ ಎನ್ನುವ ನಂಬಿಕೆಯೂ ಪೂರ್ತಿ ನಿಜವಾಗಿರಲಿಲ್ಲ. 1939ರ ಜನವರಿಯಲ್ಲಿ ನ್ಯೂಯಾರ್ಕಿನಿಂದ ಬರ್ಮುಡಾಗೆ ಹೊರಟ ಕ್ಯಾವಲಿಯರ್ ಎಂಬ ದೋಣಿಯ ಎಂಜಿನ್‌ಗಳಲ್ಲಿ ಮಂಜುಗಡ್ಡೆ ಕಟ್ಟಿತು. ಪೈಲಟ್ ಸಮುದ್ರಕ್ಕೆ ಇಳಿಸಿದರು. ದೋಣಿ ಒಡೆದು ಮುಳುಗಿತು. ಹದಿಮೂರು ಜನರಲ್ಲಿ ಮೂವರು ತೀರಿಕೊಂಡರು. ಉಳಿದ ಹತ್ತು ಮಂದಿ ಸುಮಾರು ಹತ್ತು ಗಂಟೆ ನೀರಿನಲ್ಲೇ ಒಬ್ಬರನ್ನೊಬ್ಬರು ಹಿಡಿದುಕೊಂಡು ತೇಲಿದರು. ಕೊನೆಗೆ ಒಂದು ತೈಲದ ಹಡಗು ಬಂದು ಎತ್ತಿಕೊಂಡಿತು. ಅದೇ ವರ್ಷ ಸೆಂಚುರಿಯನ್ ಎಂಬ ದೋಣಿ ಕಲ್ಕತ್ತಾದ ಹೂಗ್ಲಿಯಲ್ಲಿ ಇಳಿಯುವಾಗ ಅಪಘಾತಕ್ಕೀಡಾಯಿತು.

ಎರಡನೇ ಮಹಾಯುದ್ಧ ಬಂತು. ಸಿಂಗಪುರ ಜಪಾನೀಯರ ಕೈಗೆ ಹೋದಮೇಲೆ ಆಸ್ಟ್ರೇಲಿಯಾದ ದಾರಿ ತುಂಡಾಯಿತು. 1943ರಲ್ಲಿ ಕ್ವಾಂಟಾಸ್‌ನವರು ಕ್ಯಾಟಲಿನಾ ಎಂಬ ಸಣ್ಣ ಹಾರುವ ದೋಣಿಗಳಲ್ಲಿ ಪರ್ತ್‌ನಿಂದ ಸಿಲೋನಿನ ಕೊಗ್ಗಲ ಸರೋವರಕ್ಕೆ ಹಾರತೊಡಗಿದರು. ಹಿಂದೂ ಮಹಾಸಾಗರದ ಮೇಲೆ 5,600 ಕಿ.ಮೀ. ದೂರ, ಎಲ್ಲೂ ನಿಲ್ಲದೆ. ಶತ್ರುಗಳಿಗೆ ಸುಳಿವು ಸಿಗಬಾರದೆಂದು ರೇಡಿಯೊ ಬಂದ್. ನಕ್ಷತ್ರ ನೋಡಿಕೊಂಡು ದಾರಿ ಹಿಡಿಯುವುದು. 27ರಿಂದ 33 ಗಂಟೆ. ಇಂಧನದ ಭಾರದಿಂದಾಗಿ ಪ್ರಯಾಣಿಕರಿಗೆ ಜಾಗ ಮೂವರಿಗೆ ಮಾತ್ರ. ಒಂದೇ ಹಾರಾಟದಲ್ಲಿ ಎರಡು ಸಲ ಸೂರ್ಯ ಹುಟ್ಟುವುದನ್ನು ನೋಡುತ್ತಿದ್ದರು. ಅದಕ್ಕೇ ಅದಕ್ಕೆ ‘ಡಬಲ್ ಸನ್‌ರೈಸ್’ ಎಂಬ ಹೆಸರು.

ಇದೇ ಜಾತಿಯ ಕ್ಯಾಟಲಿನಾಗಳು ಬೆಂಗಳೂರಿಗೂ ಬರುತ್ತಿದ್ದವು. ಪ್ರಯಾಣಿಕರ ವಿಮಾನಗಳಲ್ಲ, ಮಿಲಿಟರಿಯವು. ಯುದ್ಧಕಾಲದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಅಂದರೆ ಇವತ್ತಿನ ಎಚ್‌ಎಎಲ್, ಅವುಗಳ ರಿಪೇರಿ ಮಾಡುತ್ತಿತ್ತು. ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಗೆ. ಹೌದು, ನೊರೆ ಉಕ್ಕಿ ರಸ್ತೆಗೆ ಬಂದಿದ್ದ, ಬೆಂಕಿ ಹತ್ತಿಕೊಂಡಿದ್ದ ಅದೇ ಕೆರೆ. ಆ ದಾರಿಯಲ್ಲಿ ಹೋಗುವಾಗ ನನಗೆ ಇದು ನೆನಪಾಗಿ ಹೊಟ್ಟೆ ಉರಿಯುತ್ತದೆ.

ಹಾರುವ ದೋಣಿಯನ್ನು ಬೆಳೆಸಿದ ಯುದ್ಧವೇ ಅದನ್ನು ಮುಗಿಸಿತು. ಬಾಂಬರ್‌ಗಳಿಗಾಗಿ ಜಗತ್ತಿನ ತುಂಬ ಉದ್ದನೆಯ ಕಾಂಕ್ರೀಟ್ ರನ್‌ವೇಗಳು ಬಂದವು. ಯುದ್ಧ ಮುಗಿದಮೇಲೆ ಅವೆಲ್ಲ ಸುಮ್ನೆ ಬಿದ್ದಿದ್ದವು. ಈಗ ನೀರಿನ ಮೇಲೆ ಯಾಕೆ ಇಳಿಯಬೇಕು? ಉಪ್ಪು ನೀರು ಲೋಹವನ್ನು ತಿನ್ನುತ್ತದೆ. ಆಳದ ಹೊಟ್ಟೆ ಗಾಳಿಯಲ್ಲಿ ಭಾರವೂ ಹೌದು, ತಡೆಯೂ ಹೌದು. ಕಾನ್‌ಸ್ಟಲೇಶನ್‌ನಂಥ ಹೊಸ ವಿಮಾನಗಳು ಮೋಡಗಳ ಮೇಲೆ, ವೇಗವಾಗಿ, ಒಂದೇ ಜಿಗಿತಕ್ಕೆ ಇನ್ನೂ ದೂರ ಹೋಗುತ್ತಿದ್ದವು. ಇಂಪೀರಿಯಲ್‌ನ ಜಾಗಕ್ಕೆ ಬಂದಿದ್ದ ಬಿಒಎಸಿ 1950ರಲ್ಲಿ ಹಾರುವ ದೋಣಿಗಳನ್ನು ನಿಲ್ಲಿಸಿತು.

ಇನ್ನು ಇವತ್ತಿಗೆ ಬರೋಣ. ಅದೇ ಕ್ವಾಂಟಾಸ್, ಅದೇ ಪರ್ತ್. 2018ರ ಮಾರ್ಚ್‌ನಿಂದ ಅಲ್ಲಿಂದ ಲಂಡನ್‌ಗೆ ನೇರ ವಿಮಾನವಿದೆ. ಸುಮಾರು 14,500 ಕಿ.ಮೀ., ಸುಮಾರು 17 ಗಂಟೆ. ಮೂವರ ಬದಲು 236 ಸೀಟು. ಈಗಿನ ವಿಮಾನದ ಒಡಲು ಕೊಳವೆಯಂತಿರುವುದು ಸುಮ್ನೆ ಅಲ್ಲ. ಒಳಗಿನ ಗಾಳಿಯ ಒತ್ತಡ ತಡೆಯಲು ಗುಂಡಗಿನ ಆಕಾರವೇ ಬೇಕು. ಆ ಕೊಳವೆ ದಪ್ಪವಾದಷ್ಟೂ ಇಂಧನ ಜಾಸ್ತಿ. ಆಗ ಜಾಗ ಪುಕ್ಕಟೆ, ತೂಕ ದುಬಾರಿ. ಈಗ ಜಾಗಕ್ಕೂ ಬೆಲೆ ಕಟ್ಟುತ್ತಾರೆ.

ಇಕಾನಮಿ ಸೀಟಿನಲ್ಲಿ ಮೊಣಕಾಲು ಮಡಚಿ ಕೂತು ನಾನೂ ಗೊಣಗಿದ್ದೇನೆ. ಆದರೆ ಆ ಇಕ್ಕಟ್ಟೇ ಮಂಗಳೂರು, ಉಡುಪಿ ಕಡೆಯ ಸಾವಿರಾರು ಮನೆಗಳ ಹುಡುಗರನ್ನು ಗಲ್ಫ್ ಕೆಲಸಕ್ಕೆ ಕರೆದೊಯ್ದು, ರಜೆಗೆ ಮನೆಗೂ ತಂದಿದೆ. ಅದನ್ನು ನಾನು ಕೀಳಾಗಿ ನೋಡಲಾರೆ. ನನಗೆ ನಿಜಕ್ಕೂ ಬೇಕೆನಿಸುವುದು ಆ ಕಿಟಕಿ, ಆ ಕಂಬಿ. ಹೋದ ಸಲ ದೂರದ ಹಾರಾಟವೊಂದರಲ್ಲಿ ಹಗಲು ಹೊತ್ತಿನಲ್ಲೇ ಕಿಟಕಿ ಪರದೆ ಇಳಿಸಲು ಹೇಳಿದರು. ಕೆಳಗೆ ಹಿಮದ ಬೆಟ್ಟಗಳಿದ್ದವು. ನಾನು ಎರಡು ಬೆರಳಿನಷ್ಟು ಸಂದಿ ಬಿಟ್ಟುಕೊಂಡು ನೋಡುತ್ತಾ ಕೂತಿದ್ದೆ.

ಗಲ್ಫ್ ಅಂದ ಕೂಡಲೇ ದುಬೈ ಅಲ್ವಾ? 1937ರಲ್ಲಿ ದುಬೈ ಕ್ರೀಕ್‌ನ ನೀರಿನಲ್ಲಿ ಹಾರುವ ದೋಣಿ ಇಳಿಸಲು ಒಪ್ಪಂದವಾಯಿತು. ಬಾಡಿಗೆ ತಿಂಗಳಿಗೆ ಸುಮಾರು 440 ರೂಪಾಯಿ, ಕಾವಲುಗಾರರ ಸಂಬಳವೂ ಸೇರಿ. ಆಗ ಅಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿಯೇ. 2024ರಲ್ಲಿ ದುಬೈ ವಿಮಾನ ನಿಲ್ದಾಣದಿಂದ ಓಡಾಡಿದವರು 9.2 ಕೋಟಿಗೂ ಹೆಚ್ಚು ಜನ.

ದೊಡ್ಡ ಹಾರುವ ದೋಣಿಗಳು ಇನ್ನೂ ಸ್ವಲ್ಪ ಕಾಲ ಉಳಿದದ್ದು ದಕ್ಷಿಣ ಪೆಸಿಫಿಕ್‌ನ ದ್ವೀಪಗಳ ನಡುವೆ. ನ್ಯೂಜಿಲೆಂಡಿನ ಟೀಲ್ ಕಂಪನಿ ಆಕ್ಲೆಂಡ್‌ನಿಂದ ಫಿಜಿ, ಸಮೋವಾ, ಐಟುಟಾಕಿ ದಾಟಿ ತಹಿತಿಗೆ ಓಡಿಸುತ್ತಿತ್ತು. ಐಟುಟಾಕಿಯಲ್ಲಿ ಇಂಧನ ತುಂಬಿಸುವಷ್ಟು ಹೊತ್ತು ಪ್ರಯಾಣಿಕರು ಹಿನ್ನೀರಿಗಿಳಿದು ಈಜುತ್ತಿದ್ದರು. ಅರಾನುಯಿ ಎಂಬ ದೋಣಿ 1960ರ ಸೆಪ್ಟೆಂಬರ್‌ನಲ್ಲಿ ಆ ದಾರಿಯ ಕೊನೆಯ ಹಾರಾಟ ಮುಗಿಸಿತು. ಅದು ಈಗಲೂ ಆಕ್ಲೆಂಡ್‌ನ ವಸ್ತುಸಂಗ್ರಹಾಲಯದಲ್ಲಿದೆ. ಎಂಪೈರ್ ದೋಣಿಗಳನ್ನು ಒಟ್ಟು 42 ಕಟ್ಟಿದ್ದರು. ಅವುಗಳಲ್ಲಿ ಒಂದೂ ಉಳಿದಿಲ್ಲ.

ಅದೇ 1960ರ ಸೆಪ್ಟೆಂಬರ್ 30ಕ್ಕೆ ದುಬೈಯಲ್ಲಿ ಮೊದಲ ವಿಮಾನ ನಿಲ್ದಾಣ ತೆರೆಯಿತು. ರನ್‌ವೇ ಉದ್ದ 1,800 ಮೀಟರ್. ಮರಳನ್ನು ಒತ್ತಿ ಗಟ್ಟಿ ಮಾಡಿದ್ದು.