ಬೆಳಿಗ್ಗೆ ಕುಂಟುವ ಮಗು: ಮಕ್ಕಳ ಸಂಧಿವಾತ ಇಷ್ಟು ಗೋಜಲಾದದ್ದು ಹೇಗೆ?

ನಾಲ್ಕು ವರ್ಷದ ಹುಡುಗಿ. ಬೆಳಿಗ್ಗೆ ಎದ್ದರೆ ಅಮ್ಮನೇ ಎತ್ತಿಕೊಂಡು ಹೋಗಬೇಕು. ಶೌಚಕ್ಕೆ ಕುಕ್ಕರುಗಾಲಿನಲ್ಲಿ ಕೂರಲು ಒಲ್ಲೆ ಎನ್ನುತ್ತಾಳೆ. ಹತ್ತು ಗಂಟೆಯ ಹೊತ್ತಿಗೆ ಅಂಗಳದಲ್ಲಿ ಓಡಾಡುತ್ತಾಳೆ. ಎಲ್ಲಿ ನೋವು ಎಂದರೆ ತೋರಿಸುವುದಿಲ್ಲ. ಎಲ್ಲೋ ಬಿದ್ದಿರಬೇಕು ಎಂದು ಅಜ್ಜಿ ಎಣ್ಣೆ ಹಚ್ಚಿ ನೀವುತ್ತಾರೆ. ಎಡ ಮಂಡಿಯ ಬಾವು ಕಣ್ಣಿಗೆ ಬೀಳುವಷ್ಟರಲ್ಲಿ ಎರಡು ತಿಂಗಳು ಕಳೆದಿರುತ್ತದೆ. ಮಕ್ಕಳ ಸಂಧಿವಾತ ಎಷ್ಟೋ ಮನೆಗಳಿಗೆ ಕಾಲಿಡುವುದು ಹೀಗೆ.

ಆಮೇಲೆ ಕಡತ ದಪ್ಪವಾಗುತ್ತದೆ. ಒಂದು ಚೀಟಿಯಲ್ಲಿ ‘ಜೆಆರ್‌ಎ’, ಇನ್ನೊಂದರಲ್ಲಿ ‘ಜೆಐಎ’, ಮತ್ತೊಂದರಲ್ಲಿ ಬರೀ ‘ರುಮ್ಯಾಟಿಕ್’. ಮೂರೂ ಬೇರೆ ಕಾಯಿಲೆಗಳೇ ಎಂದು ಮನೆಯವರು ಗಾಬರಿಯಾಗುತ್ತಾರೆ. ಮೊದಲೆರಡು ಒಂದೇ ಕುಟುಂಬದ ಹಳೆಯ ಮತ್ತು ಹೊಸ ಹೆಸರುಗಳು: ಜುವೆನೈಲ್ ರುಮಟಾಯ್ಡ್ ಆರ್ಥ್ರೈಟಿಸ್ ಮತ್ತು ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್, ಅಂದರೆ ಕಾರಣ ತಿಳಿಯದ ಮಕ್ಕಳ ಸಂಧಿವಾತ. ಮೂರನೆಯದು ದಾರಿ ತಪ್ಪಿಸುವ ಹೆಸರು.

1897ರಲ್ಲಿ ಲಂಡನ್ನಿನ ವೈದ್ಯ ಜಾರ್ಜ್ ಫ್ರೆಡರಿಕ್ ಸ್ಟಿಲ್ 22 ಮಕ್ಕಳ ವಿವರ ಪ್ರಕಟಿಸಿ, ಇದು ದೊಡ್ಡವರ ಸಂಧಿವಾತದ ಚಿಕ್ಕ ರೂಪವಲ್ಲ, ಇದರೊಳಗೆ ಒಂದಕ್ಕಿಂತ ಹೆಚ್ಚು ಕಾಯಿಲೆಗಳಿರಬಹುದು ಎಂದು ಸೂಚಿಸಿದರು. ಆಮೇಲಿನ ಅರ್ಧ ಶತಮಾನ ಆಸ್ಪಿರಿನ್, ಹಾಸಿಗೆ ಮತ್ತು ಪಟ್ಟಿ ಕಟ್ಟುವುದರಲ್ಲೇ ಕಳೆಯಿತು. ಅಮೆರಿಕದವರು ಒಂದು ಹೆಸರಿಟ್ಟರು, ಯುರೋಪಿನವರು ಇನ್ನೊಂದು. 1990ರ ದಶಕದಲ್ಲಿ ಎರಡನ್ನೂ ಸೇರಿಸಿ ಜೆಐಎ ಎಂಬ ಹೆಸರು ಬಂತು: 16 ವರ್ಷ ತುಂಬುವ ಮೊದಲೇ ಶುರುವಾಗಿ, ಕನಿಷ್ಠ ಆರು ವಾರ ಉಳಿದು, ಬೇರೆ ಯಾವ ಕಾರಣವೂ ಸಿಗದ ಸಂಧಿವಾತ. ಅದರಡಿ ಏಳು ಬಗೆಗಳಿವೆ.

ನಮ್ಮ ನಾಡಿನ ಮಕ್ಕಳ ಮಟ್ಟಿಗೆ ದೊಡ್ಡ ತೊಡಕು ಬೇರೆಡೆ ಇದೆ. ಇಲ್ಲಿ ಕೀಲುನೋವಿನ ಮಗುವನ್ನು ಕಂಡೊಡನೆ ನೆನಪಾಗುವುದು ರುಮ್ಯಾಟಿಕ್ ಜ್ವರ. ಆ ಭಯ ಸುಳ್ಳಲ್ಲ. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಗಂಟಲು ಸೋಂಕಿನ ಬೆನ್ನಿಗೆ ಬಂದು ಹೃದಯದ ಕವಾಟಗಳನ್ನು ಕೆಡಿಸುವ ಆ ಜ್ವರ ಇಲ್ಲಿ ಅನೇಕ ಮಕ್ಕಳನ್ನು ಬಲಿ ತೆಗೆದುಕೊಂಡಿದೆ. ಹಾಗಾಗಿ ಎಎಸ್‌ಒ ರಕ್ತಪರೀಕ್ಷೆ ಬರೆಯುವುದು ರೂಢಿಯಾಯಿತು. ಆದರೆ ಆ ಪರೀಕ್ಷೆ ಹೇಳುವುದು ಒಂದೇ ಮಾತು: ಈ ಮಗುವಿಗೆ ಇತ್ತೀಚೆಗೆ ಸ್ಟ್ರೆಪ್ಟೊಕಾಕಸ್ ಸೋಂಕು ತಗುಲಿರಬಹುದು. ಶಾಲೆಗೆ ಹೋಗುವ ಎಷ್ಟೋ ಆರೋಗ್ಯವಂತ ಮಕ್ಕಳಲ್ಲೂ ಅದು ಹೆಚ್ಚಿರುತ್ತದೆ. 1944ರಲ್ಲಿ ಶುರುವಾಗಿ ಹಲವು ಬಾರಿ ತಿದ್ದುಪಡಿ ಕಂಡ ಜೋನ್ಸ್ ಮಾನದಂಡಗಳು, ಅಂದರೆ ರುಮ್ಯಾಟಿಕ್ ಜ್ವರವನ್ನು ಗುರುತಿಸುವ ನಿಯಮಗಳು, ಅದೊಂದನ್ನೇ ನೆಚ್ಚಿ ರೋಗ ನಿರ್ಧರಿಸಲು ಬಿಡುವುದಿಲ್ಲ. ಆದರೂ ವರದಿಯಲ್ಲಿ ಅಂಕಿ ಏರಿದ್ದನ್ನು ನೋಡಿ ಆ ಜ್ವರ ಮರಳದಂತೆ 21 ದಿನಕ್ಕೊಂದು ಪೆನಿಸಿಲಿನ್ ಚುಚ್ಚುಮದ್ದು ವರ್ಷಗಟ್ಟಲೆ ಪಡೆಯುತ್ತಾ, ಮಂಡಿ ಬಾವು ಹಾಗೇ ಉಳಿದ ಮಕ್ಕಳಿದ್ದಾರೆ. ಇದನ್ನು ಬರೆಯುವಾಗ ಸಂಕಟವಾಗುತ್ತದೆ, ಏಕೆಂದರೆ ವ್ಯತ್ಯಾಸ ತಿಳಿಯಲು ಹೆಚ್ಚಿನ ಸಲ ಯಂತ್ರವೇ ಬೇಕಿಲ್ಲ. ರುಮ್ಯಾಟಿಕ್ ಜ್ವರದ ನೋವು ಕೀಲಿನಿಂದ ಕೀಲಿಗೆ ಹಾರುತ್ತದೆ, ಮುಟ್ಟಗೊಡುವುದಿಲ್ಲ, ಕೆಲವು ವಾರಗಳಲ್ಲಿ ಇಳಿಯುತ್ತದೆ. ಸಂಧಿವಾತ ಹಿಡಿದ ಕೀಲನ್ನು ಬಿಡುವುದಿಲ್ಲ. ನೋವಿಗಿಂತ ಬೆಳಗಿನ ಬಿಗಿತವೇ ಅದರ ಗುರುತು. ‘ಎಷ್ಟು ದಿನದಿಂದ? ಬೆಳಿಗ್ಗೆ ಹೇಗಿರುತ್ತಾಳೆ?’ ಎಂಬ ಎರಡು ಪ್ರಶ್ನೆಗಳಿಗೆ ಸಿಗುವ ಉತ್ತರ ಹಲವು ಪರೀಕ್ಷೆಗಳಿಗಿಂತ ಹೆಚ್ಚು ಹೇಳುತ್ತದೆ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ. ‘ಆರ್‌ಎ ಫ್ಯಾಕ್ಟರ್’ ಎಂಬ ರಕ್ತಪರೀಕ್ಷೆ ನೆಗೆಟಿವ್ ಬಂತೆಂದು ಸಂಧಿವಾತ ಇಲ್ಲ ಎಂದುಬಿಡುವುದು. ಈ ಮಕ್ಕಳಲ್ಲಿ ಬಹುಪಾಲು ಜನರಿಗೆ ಅದು ನೆಗೆಟಿವ್ವೇ. ಒಂದೇ ಮಂಡಿ ಊದಿದ್ದರೆ ಕೀಲಿನ ಕ್ಷಯವಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ರಾತ್ರಿ ಎಬ್ಬಿಸುವ ಮೂಳೆನೋವಿದ್ದು ಮಗು ಬಿಳಿಚಿಕೊಂಡಿದ್ದರೆ ರಕ್ತಕ್ಯಾನ್ಸರ್ ಇಲ್ಲವೆಂದು ಮೊದಲು ನೋಡಬೇಕು. ಅದಕ್ಕೂ ಮೊದಲೇ ಸ್ಟೆರಾಯ್ಡ್ ಕೊಟ್ಟರೆ ರೋಗದ ಗುರುತು ಮಸುಕಾಗಿಬಿಡುತ್ತದೆ.

ಚಿಕಿತ್ಸೆ ಮಾತ್ರ ಬದಲಾಗಿದೆ. 1992ರಲ್ಲಿ ಉರಿಯೂತ ತಗ್ಗಿಸುವ ಮೆಥೊಟ್ರೆಕ್ಸೇಟ್ ಮಕ್ಕಳಲ್ಲಿ ಕೆಲಸ ಮಾಡುತ್ತದೆಂದು ಪ್ರಯೋಗದಲ್ಲಿ ಸಾಬೀತಾಯಿತು. ಅದು ವಾರಕ್ಕೊಮ್ಮೆ ಕೊಡುವ ಔಷಧಿ. ದಿನವೂ ಕೊಟ್ಟರೆ ಪ್ರಾಣಕ್ಕೇ ಕುತ್ತು, ಆದ್ದರಿಂದ ಕೊಡಬೇಕಾದ ದಿನದ ಹೆಸರನ್ನೇ ಚೀಟಿಯ ಮೇಲೆ ಬರೆಸಿಕೊಳ್ಳಬೇಕು. 1999ರಲ್ಲಿ ಅಮೆರಿಕದಲ್ಲಿ ಮಕ್ಕಳಿಗೆ ಕೊಡಲು ಎಟನರ್‌ಸೆಪ್ಟ್‌ಗೆ ಅನುಮತಿ ಸಿಕ್ಕ ಮೇಲೆ ಉರಿಯೂತದ ಒಂದು ಕೊಂಡಿಯನ್ನೇ ಗುರಿಯಿಟ್ಟು ತಡೆಯುವ ಇಂಥ ಜೈವಿಕ ಔಷಧಿಗಳ ಸಾಲೇ ಬಂತು. ಬೆಲೆ ಹೆಚ್ಚು, ಶುರು ಮಾಡುವ ಮೊದಲು ಕ್ಷಯದ ತಪಾಸಣೆ ಆಗಲೇಬೇಕು. ಒಂದೆರಡೇ ಕೀಲಿನ ತೊಂದರೆಯಾದರೆ ಕೀಲಿನೊಳಗೆ ಕೊಡುವ ಸ್ಟೆರಾಯ್ಡ್ ಚುಚ್ಚುಮದ್ದೇ ಎಷ್ಟೋ ತಿಂಗಳು ಕಾಪಾಡುತ್ತದೆ. ತಡವಾದರೆ ಉರಿಯೂತವಿರುವ ಮಂಡಿಯ ಕಡೆಯ ಕಾಲು ಇನ್ನೊಂದಕ್ಕಿಂತ ಉದ್ದ ಬೆಳೆಯಬಹುದು. ಮಗು ಅದನ್ನು ಮಡಿಸಿಕೊಂಡೇ ನಿಲ್ಲುತ್ತದೆ.

ಕಣ್ಣಿನ ವಿಷಯ ಕಡತಗಳಲ್ಲಿ ಹೆಚ್ಚಾಗಿ ಕಾಣುವುದೇ ಇಲ್ಲ. ಯುವಿಯೈಟಿಸ್ ಎಂಬ ಒಳಗಣ್ಣಿನ ಉರಿಯೂತ ಈ ಮಕ್ಕಳಿಗೆ ಸದ್ದಿಲ್ಲದೆ ಬರುತ್ತದೆ: ಕಣ್ಣು ಕೆಂಪಾಗುವುದಿಲ್ಲ, ನೋಯುವುದಿಲ್ಲ. ಪಾಪೆ ಗುಂಡಗಿಲ್ಲ, ಸೊಟ್ಟಗಿದೆ ಎಂದು ತಾಯಿಗೆ ಕಾಣುವ ಹೊತ್ತಿಗೆ ಪಾಪೆಯ ಅಂಚು ಒಳಗಿನ ಮಸೂರಕ್ಕೆ ಅಂಟಿಕೊಂಡಾಗಿರುತ್ತದೆ. ಕೆಲವೇ ಕೀಲುಗಳ ತೊಂದರೆಯಿದ್ದು, ದೇಹ ತನ್ನದೇ ಜೀವಕೋಶಗಳ ವಿರುದ್ಧ ಮಾಡುವ ಪ್ರತಿಕಾಯಗಳನ್ನು ಹುಡುಕುವ ಎಎನ್‌ಎ ಪರೀಕ್ಷೆ ಪಾಸಿಟಿವ್ ಇರುವ ಪುಟ್ಟ ಹುಡುಗಿಯರಿಗೆ ಅಪಾಯ ಹೆಚ್ಚು. ಅವರಿಗೆ ಮೂರು ತಿಂಗಳಿಗೊಮ್ಮೆ ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದಿಂದ ಕಣ್ಣಿನ ತಪಾಸಣೆ ಬೇಕು. ಮಂಡಿಯ ಬಾವು ಇಳಿದು ಆಕೆ ಕುಂಟದೆ ಓಡಾಡುತ್ತಿರುವಾಗಲೂ ಆ ತಪಾಸಣೆ ನಿಲ್ಲುವಂತಿಲ್ಲ, ಏಕೆಂದರೆ ಕೀಲು ತಣ್ಣಗಿರುವಾಗಲೇ ಕಣ್ಣಿನಲ್ಲಿ ಉರಿಯೂತ ಶುರುವಾಗಬಹುದು.