ಇಳಿಸಿದ ತೂಕ ಮತ್ತೆ ಯಾಕೆ ಬರುತ್ತದೆ?

ಈ ಪ್ರಶ್ನೆಗೆ ಮೊದಲ ಸಲ ನಾನು ಬರೆದ ಉತ್ತರ ಒಂದೇ ಸಾಲು: ‘ಪಥ್ಯ ಬಿಟ್ಟಿದ್ದರಿಂದ.’ ಅರ್ಧ ಅಂಕ ಸಿಕ್ಕಿತ್ತು. ಈಗ ನೋಡಿದರೆ ಅದೂ ಜಾಸ್ತಿಯೇ. ಪಥ್ಯ ಬಿಟ್ಟರು ಸರಿ, ಯಾಕೆ ಬಿಟ್ಟರು ಅನ್ನೋದೇ ಪ್ರಶ್ನೆ ಅಲ್ವಾ?

ಸುಲಭದ ಭಾಗ ಮೊದಲು ಮುಗಿಸಿಬಿಡೋಣ. ದೇಹ ಚಿಕ್ಕದಾದರೆ ಅದರ ಶಕ್ತಿಯ ಖರ್ಚೂ ಇಳಿಯುತ್ತದೆ. 90 ಕಿಲೋ ಹೊತ್ತು ಮೆಟ್ಟಿಲು ಹತ್ತುವುದೇ ಬೇರೆ, 75 ಕಿಲೋ ಹೊತ್ತು ಹತ್ತುವುದೇ ಬೇರೆ. ಇದು ಯಾರಿಗಾದರೂ ಗೊತ್ತಾಗುತ್ತದೆ. ದೇಹ ಶಕ್ತಿ ಬಳಸುವ ಕ್ರಿಯೆಗೆ ಚಯಾಪಚಯ (ಮೆಟಬಾಲಿಸಂ) ಎನ್ನುತ್ತಾರೆ. ಪಠ್ಯದಲ್ಲಿ ಬರುವ ‘ಚಯಾಪಚಯದ ಹೊಂದಾಣಿಕೆ’ ಇದಲ್ಲ. ಅದು ಇನ್ನೂ ಒಂದು ಹೆಜ್ಜೆ ಮುಂದಿನದು: ಚಿಕ್ಕದಾದ ದೇಹ ಲೆಕ್ಕದ ಪ್ರಕಾರ ಎಷ್ಟು ಖರ್ಚು ಮಾಡಬೇಕೋ, ಅದಕ್ಕಿಂತಲೂ ಕಡಿಮೆ ಮಾಡುವುದು.

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಅಮೆರಿಕದ ತೂಕ ಇಳಿಸುವ ಟಿವಿ ಸ್ಪರ್ಧೆ ‘ದ ಬಿಗ್ಗೆಸ್ಟ್ ಲೂಸರ್’. ಅದರಲ್ಲಿ ಭಾಗವಹಿಸಿದ್ದ 14 ಜನರನ್ನು ಸಂಶೋಧಕ ಕೆವಿನ್ ಹಾಲ್ ಮತ್ತು ಜೊತೆಗಾರರು ಆರು ವರ್ಷದ ನಂತರ ಮತ್ತೆ ಪರೀಕ್ಷಿಸಿದರು. ಫಲಿತಾಂಶ ಪ್ರಕಟವಾಗಿದ್ದು 2016ರಲ್ಲಿ. 30 ವಾರದಲ್ಲಿ ಸರಾಸರಿ 58 ಕಿಲೋ ಇಳಿಸಿದ್ದರು. ಆರು ವರ್ಷದಲ್ಲಿ 41 ಕಿಲೋ ವಾಪಸ್ ಬಂದಿತ್ತು. ತೂಕ ಬಂದರೂ ಚಯಾಪಚಯ ಮಾತ್ರ ಮೇಲೇಳಲಿಲ್ಲ. ಸುಮ್ನೆ ಮಲಗಿದ್ದಾಗ ಅವರ ದೇಹ ಲೆಕ್ಕದ ಪ್ರಕಾರ ಸುಡಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಸುಡುತ್ತಿತ್ತು.

ಇಲ್ಲೇ ನಾವು ಎಡವುವುದು. ‘ಮೆಟಬಾಲಿಸಂ ನಿಧಾನವಾಯಿತು, ಅದಕ್ಕೇ ತೂಕ ಬಂತು’ ಎಂದು ಬರೆದು ಪೆನ್ನು ಕೆಳಗಿಡುತ್ತೇವೆ. ಆದರೆ ಅದೇ ಅಧ್ಯಯನದ ಇನ್ನೊಂದು ಸಾಲು ನೋಡಿ: ಆರು ವರ್ಷದ ಬಳಿಕ ತೂಕವನ್ನು ಚೆನ್ನಾಗಿ ಕಾಯ್ದುಕೊಂಡಿದ್ದವರಲ್ಲೇ ಚಯಾಪಚಯ ಹೆಚ್ಚು ನಿಧಾನವಾಗಿತ್ತು! ಅಂದರೆ ಅದೊಂದೇ ಕಾರಣ ಆಗಿರಲು ಸಾಧ್ಯವಿಲ್ಲ. ನನಗೆ ಈ ಸಾಲು ಮೂರು ಸಲ ಓದಿದ ಮೇಲೆ ತಲೆಗೆ ಹೋಯಿತು.

ದೊಡ್ಡ ಕಾರಣ ಹಸಿವು. ಲೆಪ್ಟಿನ್ ಎಂಬ ಹಾರ್ಮೋನು ಕೊಬ್ಬಿನ ಕೋಶಗಳಿಂದ ಬರುತ್ತದೆ. ‘ಇಲ್ಲಿ ದಾಸ್ತಾನು ಇದೆ’ ಎಂದು ಮೆದುಳಿಗೆ ಸುದ್ದಿ ಮುಟ್ಟಿಸುವುದು ಅದರ ಕೆಲಸ. ಕೊಬ್ಬು ಕರಗಿದರೆ ಲೆಪ್ಟಿನ್ ಇಳಿಯುತ್ತದೆ, ಮೆದುಳು ಬರ ಬಂತು ಅಂದುಕೊಳ್ಳುತ್ತದೆ. ಹೊಟ್ಟೆಯಿಂದ ಬರುವ ಗ್ರೆಲಿನ್ ಏರಿ ಹಸಿವು ಕೆರಳಿಸುತ್ತದೆ. 2011ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ನಡೆದ ಅಧ್ಯಯನ ಇಲ್ಲಿ ನೆನಪಿಡಬೇಕು. ಹತ್ತು ವಾರ ಕಠಿಣ ಪಥ್ಯ ಮಾಡಿದವರಲ್ಲಿ ಒಂದು ವರ್ಷ ಕಳೆದರೂ ಈ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ, ಹಸಿವೂ ಇಳಿದಿರಲಿಲ್ಲ.

ಎಷ್ಟು ಹಸಿವು? ಇದನ್ನು ಅಳೆದ ರೀತಿ ನನಗೆ ತುಂಬಾ ಇಷ್ಟ. ಸಕ್ಕರೆ ಕಾಯಿಲೆಯ ಒಂದು ಮಾತ್ರೆ ಮೂತ್ರದಲ್ಲಿ ಸಕ್ಕರೆ ಹೊರಹಾಕುತ್ತದೆ. ದಿನಕ್ಕೆ ಸುಮಾರು 360 ಕ್ಯಾಲೊರಿ ಹೋಗುತ್ತದೆ, ತೆಗೆದುಕೊಂಡವರಿಗೆ ಅದು ಗೊತ್ತೇ ಆಗುವುದಿಲ್ಲ. ಪಥ್ಯವೂ ಇಲ್ಲ, ಛಲವೂ ಇಲ್ಲ. ಅವರ ತೂಕ ಇಳಿದ ರೀತಿ ನೋಡಿ ಹಾಲ್ ತಂಡ ಲೆಕ್ಕ ಹಾಕಿತು: ಇಳಿದ ಪ್ರತಿ ಕಿಲೋಗೆ ದಿನದ ಹಸಿವು ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. ಖರ್ಚು ಇಳಿಯುವುದು ಕಿಲೋಗೆ 20ರಿಂದ 30 ಮಾತ್ರ.

ನಮ್ಮ ಚಿಕ್ಕಮ್ಮ 8 ಕಿಲೋ ಇಳಿಸಿದ್ದರು. ಗುಣಿಸಿ ನೋಡಿ, ದಿನಕ್ಕೆ 800 ಕ್ಯಾಲೊರಿಯಷ್ಟು ಸೆಳೆತ. ಅವರೇನು ಒಂದೇ ದಿನ ಹೋಗಿ ಕೂತು ಹೋಳಿಗೆ ತಿನ್ನಲಿಲ್ಲ. ತಟ್ಟೆಗೆ ಅರ್ಧ ಮುದ್ದೆಯೇ ಹಾಕಿಕೊಳ್ಳುತ್ತಿದ್ದರು. ಊಟ ಮುಗಿದ ಮೇಲೆ ಮಗು ಬಿಟ್ಟ ಅನ್ನ ‘ಬಿಸಾಡೋಕೆ ಮನಸ್ಸಾಗಲ್ಲ’ ಎಂದು ಬಾಯಿಗೆ. ಪಲ್ಯದ ಬಾಣಲೆ ಒರೆಸಿದ ಅರ್ಧ ಚಪಾತಿ. ಸಂಜೆ ಕಾಫಿ ಜೊತೆ ಒಂದು ಚಕ್ಕುಲಿ. ಕೇಳಿದರೆ ‘ಏನೂ ತಿಂದಿಲ್ಲ’ ಅಂತಾರೆ, ಅದು ಸುಳ್ಳೂ ಅಲ್ಲ. ಅವರ ಲೆಕ್ಕದಲ್ಲಿ ಅದು ಊಟವೇ ಅಲ್ಲ. ಒಂದೂವರೆ ವರ್ಷದಲ್ಲಿ 6 ಕಿಲೋ ವಾಪಸ್.

ತೂಕ ಇಳಿಸಲು ಕೊಡುವ ಸೆಮಾಗ್ಲುಟೈಡ್ ಚುಚ್ಚುಮದ್ದಿನ ಕಥೆಯೂ ಇದೇ ದಾರಿಯದ್ದು. ಅದು ಹಸಿವನ್ನೇ ತಗ್ಗಿಸುತ್ತದೆ. 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮದ್ದು ನಿಲ್ಲಿಸಿದವರಿಗೆ ಒಂದು ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಭಾಗ ಮರಳಿತು.

ಹಾಗಾದರೆ ಆ ಟಿವಿ ಸ್ಪರ್ಧಿಗಳಲ್ಲಿ ತೂಕ ಉಳಿಸಿಕೊಂಡವರು ಏನು ಮಾಡಿದರು? 2017ರ ಇನ್ನೊಂದು ವರದಿಯ ಪ್ರಕಾರ ಅವರ ದೈಹಿಕ ಚಟುವಟಿಕೆ ಸ್ಪರ್ಧೆಗೆ ಮೊದಲು ಇದ್ದದ್ದಕ್ಕಿಂತ ಸುಮಾರು ಶೇ. 160ರಷ್ಟು ಹೆಚ್ಚಿತ್ತು. ತೂಕ ಮರಳಿದವರಲ್ಲಿ ಹೆಚ್ಚಳ ಸುಮಾರು ಶೇ. 34 ಅಷ್ಟೇ. 14 ಜನರ ಲೆಕ್ಕ ಇದು, ಹಾಗಾಗಿ ಉತ್ತರ ಬರೆಯುವಾಗ ಆ ಸಂಖ್ಯೆಯನ್ನೂ ಸೇರಿಸಿ.

ಚಿಕ್ಕಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ಕೊತ್ತಂಬರಿ ಬಿಡಿಸುತ್ತಾ ಪೂರ್ತಿ ಕೇಳಿಸಿಕೊಂಡರು. ‘ಬೆಳಿಗ್ಗೆ ಒಂದು ಗಂಟೆ ವಾಕಿಂಗ್ ಹೋಗ್ತೀನಿ ಬಿಡು. ಅಷ್ಟೊತ್ತಿಗೆ ಎಲ್ಲರ ಡಬ್ಬಿ ನೀನು ಕಟ್ತೀಯಾ?’ ಅಂದರು.